ತರೀಕೆರೆ ಗುಡ್ಡದ ಬುಡದಲ್ಲಿ ನಿಂತ ಕುದುರೆ

ಕಡೂರಿನಿಂದ ಬೀರೂರು ಹಾದು ತರೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಎರಡು ನಾಡುಗಳು ಎದುರುಬದುರಾಗಿ ನಿಂತಿವೆ. ಬಲಗಡೆ ಅಜ್ಜಂಪುರದವರೆಗೂ ಬಯಲು: ಎರೆನೆಲ, ಹುರುಳಿ ಹೊಲ, ಕುರುಚಲು ಗಿಡ, ದನ ಮೇಯುವ ಹುಲ್ಲುಗಾವಲು. ಎಡಗಡೆ ಬಾಬಾಬುಡನ್ ಸಾಲಿನ ಗುಡ್ಡಗಳು; ತರೀಕೆರೆ ಮುಟ್ಟುವ ಹೊತ್ತಿಗೆ ಅಡಿಕೆ ತೋಟ, ಬಿದಿರುಮೆಳೆ, ಕಣಿವೆ. ಕುದುರೆ ಏರಿದವನಿಗೆ ಈ ಗೆರೆ ಬರೀ ನೋಟದ ವಿಷಯವಲ್ಲ. ಬಲಗಡೆಯ ನೆಲದಲ್ಲಿ ಹತ್ತು ಸವಾರರಿದ್ದರೆ ಒಂದು ಹೋಬಳಿಯನ್ನೇ ಹೆದರಿಸಿ ಇಡಬಹುದು. ಎಡಗಡೆಯಲ್ಲಿ ಅದೇ ಸವಾರ ಇಳಿದು, ಲಗಾಮು ಹಿಡಿದುಕೊಂಡು, ಮೇಲಿನ ಬಂಡೆಯ ಸಂದಿಯಲ್ಲಿ ಯಾರು ಕೂತಿದ್ದಾರೋ ಎಂದು ಕತ್ತೆತ್ತಿ ನೋಡುತ್ತ ನಡೆಯಬೇಕು. 1830ರಲ್ಲಿ ಮೈಸೂರು ಸಂಸ್ಥಾನ ತನ್ನೊಳಗೇ ಕಾದಾಡಿಕೊಂಡಾಗ ಈ ಗೆರೆಯೇ ಬಹುಮಟ್ಟಿಗೆ ಯುದ್ಧದ ಗೆರೆಯೂ ಆಯಿತು. ಶಾಲೆಯ ಪುಸ್ತಕಗಳಲ್ಲಿ ‘ನಗರದ ದಂಗೆ’ ಎಂದು ನಾಲ್ಕು ಸಾಲಿನಲ್ಲಿ ಮುಗಿಯುವ ಆ ಪ್ರಕರಣದಲ್ಲಿ ಮಹಾರಾಜರ ಸಿಲ್ಲೇದಾರ ಕುದುರೆ ದಳ ದಂಗೆಯನ್ನು ಅಡಗಿಸಲು ಬಂದ ಕೈ ಎಂದಷ್ಟೇ ಬರುತ್ತದೆ. ಅದು ಅರ್ಧ ಮಾತು. ಆ ದಳವನ್ನು ಸಾಕುವ ಹೊರೆಯೇ ದಂಗೆಯ ಬೇರುಗಳಲ್ಲಿ ಒಂದಾಗಿತ್ತು, ಮತ್ತು ಹೊರಗಿನ ಯುದ್ಧಗಳಿಗೆಂದು ಕಟ್ಟಿದ ಆ ಸೈನ್ಯ ಒಳಗಿನ ಯುದ್ಧಕ್ಕೆ ಒದಗದೆ ಹೋದದ್ದೇ ಮಹಾರಾಜರ ಗದ್ದುಗೆಗೆ ಮುಳುವಾಯಿತು ಎಂಬುದು ಈ ಬರಹದ ವಾದ.

ಮೊದಲು ಸಿಲ್ಲೇದಾರ ಎಂದರೆ ಯಾರು ಎಂಬುದು ಸ್ಪಷ್ಟವಾಗಬೇಕು. ಸರ್ಕಾರ ಕೊಟ್ಟ ಕುದುರೆ ಏರಿ, ಸರ್ಕಾರ ಕೊಟ್ಟ ಕತ್ತಿ ಹಿಡಿದವನು ಅವನಲ್ಲ. ಕುದುರೆ ಅವನದು, ಜೀನು ಅವನದು, ಈಟಿ ಕತ್ತಿಯೂ ಅವನದೇ. ಸರ್ಕಾರ ಕೊಡುತ್ತಿದ್ದದ್ದು ತಿಂಗಳ ಸಂಬಳ. ಅದರಲ್ಲೇ ಮನೆಮಂದಿಯ ಹೊಟ್ಟೆ, ಕುದುರೆಯ ಹುರುಳಿ, ಹುಲ್ಲು ತರುವವನ ಕೂಲಿ, ಲಾಳದ ಖರ್ಚು ಎಲ್ಲ ತೂಗಬೇಕು. ಬೇರೆಯವರ ಕುದುರೆಯನ್ನು ಏರಿ ಚಾಕರಿ ಮಾಡುವವನು ಬಾರಗೀರ. ಅವನ ಮಟ್ಟ ಒಂದು ಮೆಟ್ಟಿಲು ಕೆಳಗೆ. ಹಾಜರಿಯ ದಿನ ದಫ್ತರದವನು ಸವಾರನ ಹೆಸರಿನ ಜೊತೆಗೆ ಕುದುರೆಯ ಬಣ್ಣ, ಹಣೆಯ ಚುಕ್ಕೆ, ಸುಳಿ, ಕಾಲಿನ ಬಿಳುಪು ಇವನ್ನೆಲ್ಲ ಬರೆದುಕೊಳ್ಳಬೇಕಾಗಿತ್ತು. ಇಲ್ಲದಿದ್ದರೆ ಒಂದೇ ಕುದುರೆ ಎರಡು ಹೆಸರಿನಲ್ಲಿ ಸಂಬಳ ತಿನ್ನುತ್ತದೆ, ಒಳ್ಳೆಯ ಕುದುರೆಯ ಜಾಗದಲ್ಲಿ ಮುದಿ ತಟ್ಟು ಬಂದು ನಿಲ್ಲುತ್ತದೆ. ಈ ವ್ಯವಸ್ಥೆಯಲ್ಲಿ ಸವಾರನ ಪ್ರಾಣಕ್ಕಿಂತ ಕುದುರೆಯ ಪ್ರಾಣವೇ ಲೆಕ್ಕದಲ್ಲಿ ಮೇಲು. ಸವಾರ ಸತ್ತರೆ ಅವನ ಮಗನೋ ತಮ್ಮನೋ ಅದೇ ಕುದುರೆ ಏರಿ ಅಸಾಮಿಯನ್ನು, ಅಂದರೆ ದಳದಲ್ಲಿನ ಜಾಗವನ್ನು, ಉಳಿಸಿಕೊಂಡಾನು. ಕುದುರೆ ಸತ್ತರೆ ಇಡೀ ಮನೆ ಕೆಲಸ ಕಳೆದುಕೊಂಡೀತು. ಮೂವತ್ತು ವರ್ಷಗಳ ನಂತರ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳ ಸವಾರರೂ ಹೀಗೆಯೇ ಸ್ವಂತ ಕುದುರೆ ತಂದು ಸೇರಿದರು. ದಿನಕ್ಕೆ 40 ಸೆಂಟು ಕುದುರೆಯ ಬಾಡಿಗೆ. ಕುದುರೆ ಕಾಳಗದಲ್ಲಿ ಸತ್ತರೆ ಪರಿಹಾರ, ದುಡಿದು ಸೊರಗಿ ಸತ್ತರೆ ಏನೂ ಇಲ್ಲ. ಯುದ್ಧ ಎಳೆದಂತೆಲ್ಲ ಅಲ್ಲಿ ಸವಾರರು ಕುದುರೆ ಹುಡುಕಿಕೊಂಡು ಊರಿಗೆ ಹೋಗುವುದು ಹೆಚ್ಚಾಯಿತು. ಸ್ವಂತ ಬಂಡವಾಳ ಹೂಡಿ ಯುದ್ಧಕ್ಕೆ ಬಂದವನು ಬಂಡವಾಳವನ್ನು ಕಾಪಾಡಿಕೊಳ್ಳುತ್ತಾನೆ. ಅದು ಹೇಡಿತನವಲ್ಲ, ಲೆಕ್ಕಾಚಾರ.

ಈ ಸವಾರರು ಎಲ್ಲಿಂದ ಬಂದರು ಎನ್ನುವುದಕ್ಕೆ 1799ಕ್ಕೆ ಹೋಗಬೇಕು. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೈನ್ಯ ಚದುರಿತು, ಆದರೆ ಸೈನಿಕರು ಮಾಯವಾಗಲಿಲ್ಲ. ಅವರಿಗೆ ಎರಡು ದಾರಿಗಳು ತೆರೆದಿದ್ದವು. ಒಂದು, ದಿವಾನ್ ಪೂರ್ಣಯ್ಯ ಹೊಸದಾಗಿ ಕಟ್ಟುತ್ತಿದ್ದ ಸೈನ್ಯಕ್ಕೆ ಸೇರುವುದು. ಇನ್ನೊಂದು, ಧೋಂಡಿಯಾ ವಾಘನ ಹಿಂದೆ ಹೋಗುವುದು. ಚನ್ನಗಿರಿಯ ಈ ಸವಾರ ಹೈದರನ ಕಾಲದಿಂದಲೂ ಕುದುರೆಯ ಮೇಲೆಯೇ ಬದುಕಿದವನು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಕೆಲವೇ ವಾರಗಳಲ್ಲಿ ಬಿದನೂರು, ಅಂದರೆ ನಗರದ, ಸೀಮೆಯಲ್ಲಿ ದೊಡ್ಡ ದಂಡು ಕೂಡಿಸಿದ. ಅವನನ್ನು ಮುಗಿಸಲು ಈಸ್ಟ್ ಇಂಡಿಯಾ ಕಂಪನಿಯ ಪರ ದಂಡು ನಡೆಸುತ್ತಿದ್ದ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಬೇಕಾಯಿತು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿ ಅವನನ್ನು ಕೊಂದರು. ಆ ಬೆನ್ನಟ್ಟುವಿಕೆಯಲ್ಲಿ ಮೈಸೂರಿನ ಕುದುರೆಗಳೂ ಇದ್ದವು. ಅಂದರೆ ಎರಡು ವರ್ಷ ಹಿಂದೆ ಒಂದೇ ಪಾಗಾದಲ್ಲಿ ಹುರುಳಿ ತಿಂದ ಕುದುರೆಗಳು ಈಗ ಎರಡು ಕಡೆ ನಿಂತವು. ಈ ಉದಾಹರಣೆ ಇಲ್ಲಿ ಮುಖ್ಯ, ಏಕೆಂದರೆ ನಿಷ್ಠೆ ಎಂಬುದು ಆ ಹೊತ್ತಿನಲ್ಲಿ ಯಾರು ಸಂಬಳ ಕೊಟ್ಟರು ಎಂಬುದಕ್ಕೆ ತೀರ ಹತ್ತಿರದಲ್ಲಿತ್ತು ಎಂಬುದನ್ನು ಅದು ತೋರಿಸುತ್ತದೆ. ಪೂರ್ಣಯ್ಯನವರು ಇದನ್ನು ಚೆನ್ನಾಗಿ ಅರಿತವರು. ಕೆಲಸವಿಲ್ಲದ ಸವಾರ ದರೋಡೆಕಾರನಾಗುತ್ತಾನೆ, ಕೆಲಸವಿಲ್ಲದ ಪಾಳೆಯಗಾರನ ಬಂಟ ಬಂಡಾಯಗಾರನಾಗುತ್ತಾನೆ ಎಂದೇ ಅವರು ಸವಾರರನ್ನು ದಳಕ್ಕೂ ಬಂಟರನ್ನು ಕಂದಾಚಾರ ಎಂಬ ಸ್ಥಳೀಯ ಕಾವಲು ಪಡೆಗೂ ಸೇರಿಸಿಕೊಂಡರು.

ಅಲ್ಲಿಂದ ಮುಂದೆ ಈ ದಳ ಮೈಸೂರಿನ ಕೆಲಸಕ್ಕಿಂತ ಕಂಪನಿಯ ಕೆಲಸಕ್ಕೇ ಹೆಚ್ಚು ಓಡಾಡಿತು. 1803ರ ಮರಾಠಾ ಯುದ್ಧದಲ್ಲಿ ಬಿಷ್ಣಪ್ಪ ಪಂಡಿತನ ಕೈಕೆಳಗೆ ಅವರು ವೆಲ್ಲೆಸ್ಲಿಯ ಜೊತೆ ಉತ್ತರಕ್ಕೆ ಹೋದರು. 1807ರ ಪೂರಕ ಒಪ್ಪಂದದಲ್ಲಿ ಕಂಪನಿ ಇದನ್ನು ಕಾಯಂ ಮಾಡಿತು: ಮೈಸೂರು ಯಾವಾಗಲೂ 4,000 ಕುದುರೆಗಳನ್ನು ಸನ್ನದ್ಧವಾಗಿ ಇಡಬೇಕು, ಅದರಲ್ಲಿ ಸುಮಾರು 500 ಬಾರಗೀರರು, ಮಿಕ್ಕವರು ಸಿಲ್ಲೇದಾರರು. ಇದು 1799ರ ಒಪ್ಪಂದದ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳ ಕಪ್ಪಕ್ಕೆ ಹೊರತಾದದ್ದು. ಮಹಾರಾಜರಿಗೆ ಬಿಟ್ಟುಕೊಟ್ಟ ಸೀಮೆಯ ಉತ್ಪತ್ತಿ ಆಗ ಎಷ್ಟೆಂದು ಕಟ್ಟಿದ್ದರೋ ಅದರ ಅರ್ಧಕ್ಕೂ ಮಿಗಿಲಾದದ್ದು ಆ ಕಪ್ಪ. ಉಳಿದ ಅರ್ಧದಲ್ಲಿ ಅರಮನೆ, ಅಮಲ್ದಾರರು, ಕೆರೆಕಟ್ಟೆ, ದೇವಸ್ಥಾನ, ಜೊತೆಗೆ ಈ ನಾಲ್ಕು ಸಾವಿರ ಕುದುರೆ. ಯುದ್ಧ ನಡೆಯುತ್ತಿದ್ದಾಗ ಭಾರ ಅಷ್ಟು ತಿಳಿಯಲಿಲ್ಲ. ಸವಾರನಿಗೆ ಸಂಬಳ ತಡವಾದರೂ ಲೂಟಿಯ ಪಾಲಿನಲ್ಲಿ ಸರಿದೂಗುತ್ತಿತ್ತು. 1817ರ ಡಿಸೆಂಬರ್ 21ರಂದು ಮಹಿದ್‌ಪುರದಲ್ಲಿ ಹೋಳ್ಕರರ ಸೈನ್ಯ ಮುರಿದಾಗ ಮೈಸೂರಿನ ಸವಾರರೂ ಆ ಕಣದಲ್ಲಿದ್ದರು. ಅದೇ ಅವರ ಕೊನೆಯ ದೊಡ್ಡ ಸುಗ್ಗಿ. 1818ರ ನಂತರ ಪೇಶ್ವೆ ಇಲ್ಲ, ಪಿಂಡಾರಿ ಇಲ್ಲ, ದಖ್ಖನಿನಲ್ಲಿ ಕಂಪನಿಗೆ ಎದುರಾಳಿಯೇ ಇಲ್ಲ. ಕುದುರೆಗೆ ಕೆಲಸ ಹೋಯಿತು, ಒಪ್ಪಂದದ ಷರತ್ತು ಮಾತ್ರ ಉಳಿಯಿತು. ಮುಂದಿನ ಹನ್ನೆರಡು ವರ್ಷ ಆ ಕುದುರೆಗಳು ನಿಂತಲ್ಲೇ ಹುರುಳಿ ತಿಂದವು.

ಈ ಹನ್ನೆರಡು ವರ್ಷಗಳಲ್ಲೇ ಮೂರನೆಯ ಕೃಷ್ಣರಾಜ ಒಡೆಯರ ಖಜಾನೆ ಬರಿದಾದದ್ದು. ಹಣ ಸಾಲದಾದಾಗ ಅಮಲ್ದಾರರಿಗೆ ಕಂದಾಯವನ್ನು ‘ಶರತ್ತಿ’ನ ಮೇಲೆ ಕೊಡುವ ಪದ್ಧತಿ ಬೆಳೆಯಿತು. ಇಂತಿಷ್ಟು ಮೊತ್ತ ತುಂಬುತ್ತೇನೆ ಎಂದು ಅಮಲ್ದಾರ ಒಪ್ಪಿಕೊಳ್ಳುವುದು, ಅದನ್ನು ಹೇಗೆ ಎತ್ತುತ್ತಾನೆ ಎಂದು ಮೇಲಿನವರು ಕೇಳದಿರುವುದು. ಬೆಲೆ ಇಳಿದ ವರ್ಷದಲ್ಲೂ ಶರತ್ತಿನ ಮೊತ್ತ ಇಳಿಯುವುದಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ, ಅದನ್ನು ಮಹಾರಾಜರ ಪರವಾಗಿ ವಾದಿಸಿದವರು ಮುಂದೆ ಪದೇ ಪದೇ ಎತ್ತಿದ್ದಾರೆ: ಕಂಪನಿಯ ಕಪ್ಪದ ಕಂತು ತಪ್ಪಿರಲಿಲ್ಲ. ತಪ್ಪಿದ್ದು ಸೈನಿಕರ ಸಂಬಳ. ಕೈಬಿಗಿತ ಬಂದ ಮನೆಯ ಯಜಮಾನ ಸಾಹುಕಾರನಿಗೆ ಮೊದಲು ಬಡ್ಡಿ ಕಟ್ಟಿ ಆಳುಗಳಿಗೆ ಮುಂದಿನ ತಿಂಗಳು ನೋಡೋಣ ಎನ್ನುವ ಹಾಗೆ. ಸಿಲ್ಲೇದಾರನ ಮಟ್ಟಿಗೆ ಬಾಕಿ ಎಂದರೆ ಬರೀ ಬಡತನವಲ್ಲ, ಕುದುರೆ ಸೊರಗುವುದು. ಸೊರಗಿದ ಕುದುರೆ ಹಾಜರಿಯಲ್ಲಿ ತಿರಸ್ಕಾರವಾದರೆ ಅಸಾಮಿಯೇ ಹೋಗುತ್ತದೆ. ಹಾಗಾಗಿ ಅವನು ಸಾಲ ಮಾಡಿಯಾದರೂ ಹುರುಳಿ ಕೊಳ್ಳುತ್ತಾನೆ, ಅಥವಾ ಹಳ್ಳಿಯ ಕಣದಿಂದ ಎತ್ತಿಕೊಳ್ಳುತ್ತಾನೆ.

ಮಹಾರಾಜರ ದುಂದೇ ಕಾರಣ, ಕುದುರೆಯ ಮೇಲೆ ಏಕೆ ಹೊರಿಸುತ್ತೀರಿ ಎಂದು ಇಲ್ಲಿ ಕೇಳಬಹುದು. 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟ ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಈ ನಾಲ್ವರ ವಿಚಾರಣಾ ಸಮಿತಿಯೂ ದುರಾಡಳಿತವನ್ನೇ ಮುಖ್ಯ ಕಾರಣವೆಂದಿತು. ಅರಮನೆಯ ದಾನಧರ್ಮ, ಇನಾಮು, ಉತ್ಸವಗಳ ಖರ್ಚು ಸುಳ್ಳಲ್ಲ. ಆದರೆ ದುಂದು ಬೇಕೆಂದಾಗ ನಿಲ್ಲಿಸಬಹುದಾದ ಖರ್ಚು. ನಾಲ್ಕು ಸಾವಿರ ಕುದುರೆ ಮಹಾರಾಜರು ತಾವಾಗಿ ನಿಲ್ಲಿಸಬಹುದಾದ ಖರ್ಚಲ್ಲ, ನಿಲ್ಲಿಸಿದರೆ ಒಪ್ಪಂದ ಮುರಿದಂತೆ. ಸಮಿತಿಯಲ್ಲಿ ಕೂತವರೆಲ್ಲ ಒಪ್ಪಂದ ಬರೆದವರ ಕಡೆಯವರು. ಆ ಷರತ್ತಿನ ತೂಕವನ್ನು ಅವರು ತಕ್ಕಡಿಗೆ ಹಾಕುತ್ತಾರೆಂದು ನಿರೀಕ್ಷಿಸುವುದೂ ಕಷ್ಟ.

1830ರ ಆಗಸ್ಟಿನಲ್ಲಿ ರೈತರ ಕೂಟಗಳು ಸೇರತೊಡಗಿದವು. ಬಸವಾಪಟ್ಟಣದಿಂದ ಊರೂರಿಗೆ ಓಲೆ ಹೋದವು. ಕಂದಾಯ ಕೊಡಬೇಡಿ, ಕೂಟಕ್ಕೆ ಬನ್ನಿ. ಶುರುವಿನಲ್ಲಿ ಅದು ನಿಜವಾಗಿಯೂ ರೈತರ ಹಠ. ಕೆಲಸ ಬಿಟ್ಟು, ಊರು ಬಿಟ್ಟು, ಒಂದು ಕಡೆ ಗುಂಪಾಗಿ ಕೂರುವುದು. ವರ್ಷ ಮುಗಿಯುವುದರೊಳಗೆ ಅದರ ಮೈ ಬದಲಾಯಿತು. ಡಿಸೆಂಬರಿನಲ್ಲಿ ಹೊಳೆಹೊನ್ನೂರಿನ ಕೂಟವನ್ನು ಬಲದಿಂದ ಚದುರಿಸಿದಾಗ ಜನ ಸತ್ತರು. ಬೂದಿ ಬಸವಪ್ಪ ಎಂಬ ಹೆಸರಿನಲ್ಲಿ ಸಾದರಮಲ್ಲ ಎಂಬವನು ತಾನೇ ಕೆಳದಿ ವಂಶದ ವಾರಸುದಾರ, ನಗರದ ದೊರೆ ಎಂದು ಸಾರಿಕೊಂಡ. ಇದೇ ಹೊತ್ತಿಗೆ ತರೀಕೆರೆ ಪಾಳೆಯಗಾರ ಮನೆತನದ ಹಿರಿಯ ರಂಗಪ್ಪ ನಾಯಕ ಬಂಡಾಯಕ್ಕೆ ಸೇರಿ ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ. ಈ ಮನೆತನದ ಬೇರು ಬಸವಾಪಟ್ಟಣದಲ್ಲಿ, ಸಂತೇಬೆನ್ನೂರಿನ ಹೊಂಡ ಕಟ್ಟಿಸಿದ ಹನುಮಪ್ಪ ನಾಯಕನ ಕಾಲಕ್ಕೆ ಹೋಗುತ್ತದೆ. ಬಿಜಾಪುರದವರು ಬಯಲನ್ನು ಕಿತ್ತುಕೊಂಡ ಮೇಲೆ ಗುಡ್ಡದ ಅಂಚಿಗೆ ಸರಿದು ತರೀಕೆರೆಯಲ್ಲಿ ನೆಲೆಯಾದವರು. ಕುದುರೆಯ ಬಲವಿದ್ದವರ ಮುಂದೆ ಬಯಲು ನಿಲ್ಲುವುದಿಲ್ಲ, ಗುಡ್ಡ ನಿಲ್ಲುತ್ತದೆ ಎಂಬುದು ಆ ವಂಶಕ್ಕೆ ಹದಿನೇಳನೆಯ ಶತಮಾನದಲ್ಲೇ ತಿಳಿದಿದ್ದ ಪಾಠ. ಇನ್ನೂರು ವರ್ಷದ ಮೇಲೆ ರಂಗಪ್ಪ ನಾಯಕ ಮೊದಲು ಕೈಹಾಕಿದ್ದು ಸಂತೆಗೂ ಅಲ್ಲ, ಖಜಾನೆಗೂ ಅಲ್ಲ, ಎರಡು ದುರ್ಗಗಳಿಗೆ.

ಇದನ್ನು ಅಂತರ್ಯುದ್ಧ ಎಂದು ಕರೆಯುವುದಕ್ಕೆ ಆಕ್ಷೇಪ ಬರುವುದು ಸಹಜ. ಇದು ರೈತರ ಹೋರಾಟ, ಅಂತರ್ಯುದ್ಧವೆಂದರೆ ರೈತನ ಸಂಕಟ ಮರೆಯಾಗುತ್ತದೆ ಎಂದು ಕೆಲವರು. ಅಷ್ಟು ದೊಡ್ಡ ಹೆಸರಿಗೆ ಇದು ಸಾಲದು ಎಂದು ಇನ್ನು ಕೆಲವರು. ಎರಡನೆಯವರಿಗೆ ಉತ್ತರ ಸುಲಭ. ಒಬ್ಬ ದೊರೆಗೆ ಎದುರಾಗಿ ಇನ್ನೊಬ್ಬ ದೊರೆ ಸಾರಿಕೊಂಡ, ಕೋಟೆಗಳು ಕೈ ಬದಲಿಸಿದವು, ಎರಡೂ ಕಡೆ ಸತ್ತವರು ಮೈಸೂರಿನ ಪ್ರಜೆಗಳೇ. ಮೊದಲನೆಯವರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಆದರೆ ರೈತ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಎಂಬ ಚಿತ್ರ ನಗರ ಫೌಜುದಾರಿಯ ಕಾಗದಗಳಲ್ಲಿ ನಿಲ್ಲುವುದಿಲ್ಲ. 1799ರಿಂದ ಅಲ್ಲಿ ಫೌಜುದಾರನಾಗಿದ್ದ ರಾಮರಾವ್‌ನ ಬಂಧುಬಳಗ ಮೂವತ್ತು ವರ್ಷ ಆ ಸೀಮೆಯ ಹುದ್ದೆಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡಿತ್ತು. ಫೌಜುದಾರ ಕೃಷ್ಣರಾವ್ ಅದೇ ಗುಂಪಿನವನು. ಲೆಕ್ಕ ತಪಾಸಣೆಗೆ ಹೆದರಿ ಆ ಗುಂಪೇ ರೈತರನ್ನು ಎತ್ತಿಕಟ್ಟಿತು ಎಂಬ ಆರೋಪ ಆಗಲೇ ಕೇಳಿಬಂದಿತ್ತು.  ಕಂದಾಚಾರದ ಜವಾನರು ಅದೇ ಹಳ್ಳಿಗಳ ಮಕ್ಕಳು. ಗೌಡನ ಮನೆಯ ಒಬ್ಬ ಮಗ ಕೂಟದಲ್ಲಿ ಕೂತರೆ ಇನ್ನೊಬ್ಬ ಕಂದಾಚಾರದ ಸಂಬಳದ ಪಟ್ಟಿಯಲ್ಲಿದ್ದಿರಲು ಸಾಧ್ಯವಿತ್ತು. ರೈತನ ಸಂಕಟ ನಿಜ, ಅದರ ಮೇಲೆ ಕೂತು ಸವಾರಿ ಮಾಡಿದವರು ಬೇರೆ ಬೇರೆ ಜನ. ಎರಡನ್ನೂ ಒಟ್ಟಿಗೆ ಹೇಳುವ ಪದ ಬೇಕಾದರೆ ದಂಗೆ ಎಂಬುದು ಚಿಕ್ಕದಾಗುತ್ತದೆ. ದಂಗೆ ಎನ್ನುವುದು ಗೆದ್ದವರು ಇಟ್ಟ ಹೆಸರೂ ಹೌದು.

ಈಗ ಕುದುರೆ ಏನು ಮಾಡಿತು ಎಂಬ ಪ್ರಶ್ನೆ. ಮಹಾರಾಜರ ದಂಡಿನಲ್ಲಿ ಸಿಲ್ಲೇದಾರರು, ‘ಬಾರು’ ಎಂದು ಕರೆಯುತ್ತಿದ್ದ ಕಾಲಾಳು ಪಡೆ, ಕಂದಾಚಾರದವರು ಮೂವರೂ ಇದ್ದರು. ಕಡೂರು, ಅಜ್ಜಂಪುರ, ಚನ್ನಗಿರಿಯಂಥ ತೆರೆದ ಸೀಮೆಯಲ್ಲಿ ಸವಾರರ ಗುಂಪು ಒಂದು ರಾತ್ರಿಯಲ್ಲಿ ಬಂದು ಮುತ್ತಬಲ್ಲದು. ಅಲ್ಲಿ ಕೂಟ ಸೇರಬಹುದು, ಆದರೆ ಕೂಟ ಉಳಿಯುವುದು ಕಷ್ಟ. ಬಂಡಾಯ ಬೇರೂರಿ ಬಹುಕಾಲ ನಿಂತ ಜಾಗಗಳನ್ನು ನೋಡಿ: ನಗರ, ಆನಂದಪುರ, ಕಾಮನದುರ್ಗ, ಕಲ್ದುರ್ಗ. ಎಲ್ಲವೂ ಕಾಡು, ಕಣಿವೆ, ಗುಡ್ಡ. ಮಹಾರಾಜರ ದಂಡಿನ ಮುಂದಾಳು ಅಣ್ಣಪ್ಪ ಆನಂದಪುರದ ಕೋಟೆಯನ್ನು ಹಿಡಿದುಕೊಂಡರೂ ಸುತ್ತ ದಾರಿ ಕಟ್ಟಿಹೋಗಿ, ತಿನ್ನಲು ಇಲ್ಲದೆ, ಅದನ್ನು ಬಿಟ್ಟು ಹಿಂದೆಗೆಯಬೇಕಾಯಿತು. ಮಲೆನಾಡಿನಲ್ಲಿ ದಾಳಿಗಿಂತ ದಾರಿ ದೊಡ್ಡದು. ಸವಾರರ ದಂಡು ದಾರಿ ಕಾಯಬೇಕಾದರೆ ದಾರಿಗುಂಟ ಹುಲ್ಲು ಬೇಕು, ಹುರುಳಿ ಬೇಕು. ಬಿದಿರು ಕಾಡಿನಲ್ಲಿ ಎರಡೂ ಇಲ್ಲ. ಮಳೆಗಾಲ ಹಿಡಿದರಂತೂ ಕುದುರೆಯ ಗೊರಸು ಕೊಳೆಯುತ್ತದೆ. ಸ್ವಂತ ಹಣದ ಕುದುರೆಯನ್ನು, ಅದೂ ಸಂಬಳ ಬಾಕಿ ಇರುವಾಗ, ಅಂಥ ಕೆಸರಿಗೆ ಯಾವ ಸಿಲ್ಲೇದಾರ ಮನಸಾರೆ ಇಳಿಸಿಯಾನು? ಕೊನೆಗೆ ಕಂಪನಿಯ ಪಡೆಗಳನ್ನು ಕರೆಸಬೇಕಾಯಿತು. 1831ರ ಜೂನ್ 12ರಂದು ನಗರವನ್ನು ಹಿಡಿದದ್ದು ಅವರ ಕಾಲಾಳು, ಫಿರಂಗಿ.

ಹಾಗಾದರೆ ಯುದ್ಧ ತೀರ್ಮಾನವಾದದ್ದು ಕಾಲಾಳು ಫಿರಂಗಿಗಳಿಂದ, ಕುದುರೆಗೆ ಇಷ್ಟು ಮಹತ್ವ ಏಕೆ ಎಂಬ ಆಕ್ಷೇಪ ಉಳಿಯುತ್ತದೆ. ಆಕ್ಷೇಪ ಸರಿಯೇ, ಆದರೆ ಅದು ಈ ವಾದವನ್ನು ಬಲಪಡಿಸುತ್ತದೆ. ಸಂಸ್ಥಾನ ತನ್ನ ಸೈನ್ಯದ ದುಡ್ಡಿನ ದೊಡ್ಡ ಪಾಲನ್ನು ಸುರಿದದ್ದು ಬಯಲಿನ ದೂರದ ದಂಡಯಾತ್ರೆಗೆ ತಕ್ಕ ದಳದ ಮೇಲೆ. ಆ ಆಯ್ಕೆ ಮೈಸೂರಿನದಲ್ಲ. ಪೂನಾ, ಇಂದೋರ್‌ಗಳ ದಿಕ್ಕಿಗೆ ಓಡಲು ಕಂಪನಿಗೆ ಕುದುರೆ ಬೇಕಿತ್ತು, ತರೀಕೆರೆಯ ಗುಡ್ಡ ಹತ್ತಲು ಬೇಕಾಗಿರಲಿಲ್ಲ. ಆ ಕುದುರೆ ಗುಡ್ಡದ ಬುಡದಲ್ಲಿ ನಿಂತಾಗ ಅದೇ ಕಂಪನಿ, ನಿಮ್ಮ ನಾಡನ್ನು ನೀವು ಕಾಯಲಾರಿರಿ ಎಂದು 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಬೆಂಟಿಂಕ್‌ನ ಕಾಗದ ಬರೆಸಿತು. ಅಕ್ಟೋಬರ್ 19ರಂದು ಮಹಾರಾಜರು ಅಧಿಕಾರ ಒಪ್ಪಿಸಿದರು. ಸಂಸ್ಥಾನ ಮರಳಿ ಒಡೆಯರ ಕೈಗೆ ಬರಲು 1881ರ ಮಾರ್ಚ್ ಬೇಕಾಯಿತು. ಮೂರನೆಯ ಕೃಷ್ಣರಾಜರು ಅದನ್ನು ಕಾಣಲಿಲ್ಲ. ಬೆಂಟಿಂಕ್‌ಗೂ ಮುಂದೆ ತನ್ನ ನಿರ್ಧಾರದ ಬಗ್ಗೆ ಅನುಮಾನ ಬಂದಿತ್ತು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಇದೇ ಸೀಮೆಯಲ್ಲಿ ಕುದುರೆಯ ಪಕ್ಕದಲ್ಲೇ ಇನ್ನೊಂದು ಯುದ್ಧದ ಪ್ರಾಣಿ ಇತ್ತು ಎಂಬುದನ್ನು ಮರೆಯುವಂತಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ಹಸುಗಳು ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆಯುವ ಎತ್ತುಗಳ ತಳಿಯಾಗಿ ಅಮೃತ ಮಹಲ್ ಎಂದು ಹೆಸರಾದವು. ಕಡೂರು, ತರೀಕೆರೆ, ಅಜ್ಜಂಪುರದ ಬಯಲುಗಳಲ್ಲಿ ಅವಕ್ಕೆ ಮೀಸಲಾದ ಕಾವಲುಗಳಿದ್ದವು. 1813ರಲ್ಲಿ ಈ ಹಿಂಡುಗಳ ಮೇಲ್ವಿಚಾರಣೆಯನ್ನು ಕಂಪನಿ ತನ್ನ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವಿಗೆ ಒಪ್ಪಿಸಿತು. ಅಂದರೆ 1830ರಲ್ಲಿ ಇಲ್ಲಿನ ಒಳ್ಳೆಯ ಹುಲ್ಲು ಕಂಪನಿಯ ಎತ್ತಿಗೆ, ಹುರುಳಿ ಮಹಾರಾಜರ ಕುದುರೆಗೆ, ಆ ಕುದುರೆಯೂ ಕಂಪನಿಯ ಷರತ್ತಿಗೆ. ಬಯಲಿನ ರೈತ ಯಾರ ಯುದ್ಧಕ್ಕಾಗಿ ದುಡಿಯುತ್ತಿದ್ದ ಎಂದು ಕೇಳಿದರೆ ಉತ್ತರಕ್ಕೆ ಹೆಚ್ಚು ಹುಡುಕಬೇಕಾಗಿಲ್ಲ.

ತರೀಕೆರೆಯ ಗುಡ್ಡದಲ್ಲಿ ಮಾತ್ರ ಯುದ್ಧ ಬೇಗ ಮುಗಿಯಲಿಲ್ಲ. ನಗರ ಬಿದ್ದು, ಮಹಾರಾಜರ ಅಧಿಕಾರ ಹೋಗಿ, ಕಂಪನಿಯ ಕಮಿಷನರು ಬಂದ ಮೇಲೂ ಪಾಳೆಯಗಾರರ ಕಡೆಯವರು ಕೈಗೆ ಸಿಗದೆ ಓಡಾಡಿಕೊಂಡಿದ್ದರು. ಆ ಮನೆತನದ ಕೊನೆಯವನಾದ ಸರ್ಜಾ ಹನುಮಪ್ಪ ನಾಯಕನನ್ನು ಹಿಡಿದು ಗಲ್ಲಿಗೇರಿಸಿದ್ದು 1834ರಲ್ಲಿ. ಸಿಲ್ಲೇದಾರರು ಕಮಿಷನರ ಕೈಕೆಳಗೂ ಉಳಿದುಕೊಂಡರು, ಸಂಖ್ಯೆ ಇಳಿಯುತ್ತ ಬಂತು. ಅವರ ಮುಂದಿನ ತಲೆಮಾರಿನವರು ಮೈಸೂರು ಲ್ಯಾನ್ಸರ್ಸ್ ಆಗಿ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಊರಿಗೆ ನುಗ್ಗಿದರು. ಆ ಯುದ್ಧದ ನೆನಪಿಗೆ ದೆಹಲಿಯಲ್ಲಿ ಮೂರು ಕಂಚಿನ ಪ್ರತಿಮೆಗಳ ಚೌಕವಿದೆ. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇನ್ನೂ ಇದೆ, ಕಡೂರಿನ ಹತ್ತಿರ ಬಾಸೂರು ಕಾವಲಿನ ಹುಲ್ಲಿನಲ್ಲಿ ಈಗ ಕೃಷ್ಣಮೃಗಗಳು ಓಡುತ್ತವೆ.